ಗುಡ್ಡದ ಟವರಿನ ಮಾತು

ನಮ್ಮೂರಿನಲ್ಲಿ ಸದ್ದು ಮಾರುದ್ದದ ಆಚೆ ಹೋಗುವುದಿಲ್ಲ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತವರ ಮಾತು ಕೇಳುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ತುಟಿ ಅಲ್ಲಾಡುವುದಷ್ಟೇ ಕಾಣುತ್ತದೆ. ಗುಡಿಯ ಗಂಟೆ ಬಾರಿಸಿದವರಿಗೇ ಕೇಳಬೇಕು, ನಾಯಿ ಬೊಗಳಿದ್ದು ನಾಯಿಗೇ. ಹೊರಗಿನಿಂದ ವರ್ಗವಾಗಿ ಬಂದವರು ಮೊದಮೊದಲು ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಆಮೇಲೆ ನಮ್ಮ ಹಾಗೆಯೇ ಸೊಂಟಕ್ಕೊಂದು ಫೋನು ಕಟ್ಟಿಕೊಂಡು ಸುಮ್ಮನಾಗುತ್ತಾರೆ. ಫೋನಿನೊಳಗೆ ಹೊಕ್ಕ ಸದ್ದಿಗೆ ಮಾತ್ರ ಈ ಕಟ್ಟಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಫೋನು ಎಲ್ಲಿತ್ತು? ಆಗ ಮನೆಯಿಂದ ಮನೆಗೆ ಹುರಿ ಕಟ್ಟಿರುತ್ತಿದ್ದರಂತೆ. ಜಗ್ಗಿದರೆ ಎದ್ದು ಬರಬೇಕು, ಹತ್ತಿರ ನಿಂತು ಏನೆಂದು ಕೇಳಬೇಕು. ಈಗ ಹುರಿಗಳಿಲ್ಲ, ಊರಿಗೆ ಮೂರು ಟವರುಗಳಿವೆ. ಪೇಟೆಯದೊಂದು, ಕೆರೆ ಅಂಚಿನದೊಂದು, ಕಲ್ಲಿನ ಖಣಿಯ ಪಕ್ಕದ ಗುಡ್ಡದ್ದೊಂದು.

ಆ ಟವರುಗಳ ಲೆಕ್ಕ ನೋಡುವುದು ನನ್ನ ಕೆಲಸ. ಪ್ರತಿ ಕಾಲುಗಂಟೆಗೊಮ್ಮೆ ಒಂದೊಂದು ಟವರೂ ತನ್ನ ಅಂಕಿಗಳನ್ನು ನಮ್ಮ ಆಫೀಸಿನ ಕಂಪ್ಯೂಟರಿಗೆ ಕಳಿಸುತ್ತದೆ. ಎಷ್ಟು ಜನ ಕರೆ ಮಾಡಲು ನೋಡಿದರು, ಎಷ್ಟು ಹತ್ತಿದವು, ಎಷ್ಟು ನಡುವೆ ಹರಿದವು, ಒಂದು ಟವರಿನ ಸೀಮೆಯಿಂದ ಇನ್ನೊಂದರ ಸೀಮೆಗೆ ನಡೆದು ಹೋಗುವಾಗ ಎಷ್ಟು ಮಾತು ಉಳಿದವು, ಎಷ್ಟು ಸತ್ತವು. ಯಾರು ಯಾರೊಂದಿಗೆ ಏನು ಮಾತಾಡಿದರು ಎಂಬುದು ನನಗೆ ಬರುವುದಿಲ್ಲ. ಅದು ಬೇಕಾಗಿಯೂ ಇಲ್ಲ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವ ಹೊತ್ತು ಪೇಟೆ ಟವರಿನ ಅಂಕಿ ಏರುತ್ತದೆ, ಉಂಡು ಮಲಗುವ ಹೊತ್ತಿಗೆ ಇಳಿಯುತ್ತದೆ. ಈ ಏರಿಳಿತ ನೋಡುತ್ತ ನೋಡುತ್ತ ನನ್ನ ಕೂದಲು ನೆರೆತಿದೆ, ಕಣ್ಣಿಗೆ ದಪ್ಪ ಗಾಜು ಬಂದಿದೆ. ಸಂಜೆ ಮನೆಗೆ ಹೋದರೆ ಗೋಡೆಯ ಮೇಲೂ ಅಂಕಿಗಳು ಓಡಾಡಿದಂತೆ ಕಾಣುತ್ತವೆ. ಬೇರೆ ಕೆಲಸ ಕಲಿಯುವ ವಯಸ್ಸು ದಾಟಿತು.

ಆಫೀಸಿನಲ್ಲಿ ಇರುವುದು ನಾನು ಮತ್ತು ನಮ್ಮ ಸಾಹೇಬರು, ಪ್ರಲ್ಹಾದ ಅಂತ. ಬೆನ್ನುನೋವಿನ ಮನುಷ್ಯ, ಹೋದಲ್ಲೆಲ್ಲ ಒಂದು ಸಣ್ಣ ದಿಂಬು ಒಯ್ಯುತ್ತಾರೆ. ಅವರ ಮೇಜು ನನ್ನ ಮೇಜಿನಿಂದ ನಾಲ್ಕು ಹೆಜ್ಜೆ. ಏನಿದ್ದರೂ ಫೋನಿನಲ್ಲೇ ಹೇಳುತ್ತಾರೆ. ಕುರ್ಚಿ ಎಳೆದುಕೊಂಡು ಹತ್ತಿರ ಬಂದರೆಂದರೆ ಸುದ್ದಿ ಒಳ್ಳೆಯದಲ್ಲ ಎಂದು ನನಗೆ ಗೊತ್ತು. ಆ ದಿನ ಹಾಗೆ ಬಂದರು.

"ನೀಲಕ್ಕ, ಗುಡ್ಡದ ಟವರ್ ಹಗಲೊತ್ತು ಮಲಗಸ್ತಾರಂತ. ಮ್ಯಾಲಿನ ಆಫೀಸಿಂದ ಆರ್ಡರ್ ಬಂದೈತಿ. ಮಾತು ಕಡಿಮಿ ಇದ್ದ ಟವರೆಲ್ಲಾ ಬಂದ್ ಇಟ್ರ ಕರೆಂಟ್ ಉಳೀತೈತಿ."

"ಅಲ್ಲಿ ಜನ ಅದಾರಲ್ರಿ ಸರ್."

"ಜನ ಅದಾರ, ಮಾತಿಲ್ಲ. ನೀವು ಕಳಿಸಿದ ಅಂಕಿನ ಹೇಳ್ತಾವು."

ಅದು ನಿಜ. ಗುಡ್ಡದ ಟವರಿನಲ್ಲಿ ಹಗಲು ಮಾತಿನ ಹೊತ್ತು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಆ ಟವರಿನ ಅಂಕಿಗಳಲ್ಲಿ ನನಗೆ ಬಹಳ ದಿನದಿಂದ ಒಂದು ಸಂಗತಿ ಚುಚ್ಚುತ್ತಿತ್ತು. ಗಂಟೆಗಟ್ಟಲೆ ಏನೂ ಇರುವುದಿಲ್ಲ. ಆಮೇಲೆ ಒಂದೇ ಕಾಲುಗಂಟೆಯೊಳಗೆ ಕರೆಗಳ ರಾಶಿ ಬೀಳುತ್ತದೆ. ಒಂದನ್ನೂ ಯಾರೂ ಎತ್ತುವುದಿಲ್ಲ. ಮತ್ತೆ ಖಾಲಿ. ಟವರು ಕೆಟ್ಟಿದ್ದರೆ ಕರೆ ಆ ಕಡೆಯ ಫೋನನ್ನು ಮುಟ್ಟುತ್ತಿರಲಿಲ್ಲ. ಇವು ಮುಟ್ಟುತ್ತಿದ್ದವು. ಫೋನು ನಡುಗಿತು, ಎತ್ತಲಿಲ್ಲ, ಅಷ್ಟೇ.

"ಇಷ್ಟು ಮಂದಿ ಒಮ್ಮೆಲೇ ಫೋನ್ ಎತ್ತದ ಕುಂದರ್ತಾರೇನ್ರಿ?" ಎಂದು ಕೇಳಿದೆ.

"ಮತ್ತೇನಂತೀರಿ?"

"ಗೊತ್ತಿಲ್ರಿ. ಹೋಗಿ ನೋಡಿ ಬರ್ತೀನಿ."

"ಬಿಸಿಲೈತಿ," ಎಂದರು. ಬೇಡ ಎನ್ನಲಿಲ್ಲ.

ಗುಡ್ಡದ ಖಣಿಯಲ್ಲಿ ಎತ್ತರದ ಬಂಡೆಯ ಮೇಲೆ ಹರಕು ಕೊಡೆಯ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಹುಸೇನಬಿ ಅಂತ ಹೆಸರು. ಬಂಡೆ ಸಿಡಿಸಲು ಮದ್ದು ಹಾರಿಸುವ ಮುನ್ನ ಕೆಳಗಿನ ಗುಂಡಿಗಳಲ್ಲಿ ಇರುವವರನ್ನೆಲ್ಲ ಮೇಲೆ ಕರೆಸುವುದು ಅವಳ ಕೆಲಸ. ನಾನು ಹತ್ತಿರ ಹೋಗಿ ಯಾರೆಂದು ಹೇಳಿದೆ. ಕೂರಲು ಜಾಗ ಕೊಟ್ಟಳು, ಆಮೇಲೆ ಕೈ ಅಡ್ಡ ಹಿಡಿದು ಸುಮ್ಮನಿರಿಸಿದಳು. ಪಕ್ಕದ ಕೋಲಿಗೆ ಕೆಂಪು ಬಟ್ಟೆ ಏರಿಸಿ ಫೋನು ಕೈಗೆತ್ತಿಕೊಂಡಳು. ಒಬ್ಬರಿಗೆ ಹಚ್ಚುವುದು, ಒಂದು ರಿಂಗಾದ ಕೂಡಲೇ ಕಡಿಯುವುದು, ಮುಂದಿನವರಿಗೆ ಹಚ್ಚುವುದು. ಹೆಬ್ಬೆರಳು ರೊಟ್ಟಿ ತಟ್ಟಿದಷ್ಟು ಸಲೀಸಾಗಿ ಓಡುತ್ತಿತ್ತು. ಕಲ್ಲುಕುಟಿಗರು ಉಳಿ ಸುತ್ತಿಗೆ ಕೆಳಗಿಟ್ಟು ಒಬ್ಬೊಬ್ಬರಾಗಿ ಹತ್ತಿ ಬಂದು ಅವಳೆದುರು ಹಾದುಹೋದರು. ಸ್ವಲ್ಪ ಹೊತ್ತಿಗೆ ನಮ್ಮ ಕೆಳಗಿನ ಬಂಡೆ ಮೈ ಕೊಡವಿದಂತಾಯಿತು. ಎದುರಿನ ಇಳಿಜಾರು ಧೂಳಾಗಿ ಮೇಲೆದ್ದು ನಿಧಾನವಾಗಿ ಕೂತಿತು. ಸದ್ದೇನೂ ಇರಲಿಲ್ಲ.

"ತಲಿ ಬಗ್ಗಿಸಿ ಕಲ್ಲು ಒಡಿಯೋರಿಗೆ ಬಟ್ಟಿ ಕಾಣಂಗಿಲ್ರಿ ಅಕ್ಕಾರ," ಎಂದಳು ಹುಸೇನಬಿ. "ಫೋನಂದ್ರ ಸೊಂಟಕ್ಕ ಗುರ್ ಅಂತೈತಿ. ಎತ್ತೂದು ಬ್ಯಾಡ, ಬರೂದು. ಒಬ್ಬೊಬ್ರು ಎತ್ತಿ ಮಾತಾಡ್ಕೋಂತ ಕುಂತ್ರ ನಾ ಎಲ್ಲಾರಿಗೂ ಯಾವಾಗ ಹಚ್ಚಲಿ?"

ಹಿಂತಿರುಗಿ ಬಂದು ಇದನ್ನೆಲ್ಲ ಬರೆದು ಕಳಿಸಿದೆ. ಪ್ರಲ್ಹಾದ ಸಾಹೇಬರೂ ಕೆಳಗೆ ಎರಡು ಸಾಲು ಸೇರಿಸಿದರು. ಮೇಲಿನ ಆಫೀಸಿನಿಂದ ಉತ್ತರ ಬಂತು. ಎತ್ತದ ಕರೆಯನ್ನು ಬಳಕೆ ಎಂದು ಹಿಡಿಯಲು ಬರುವುದಿಲ್ಲ, ಮಾತಿನ ಹೊತ್ತು ನಿಗದಿಯಷ್ಟು ಇದ್ದರೆ ಮಾತ್ರ ಟವರು ಎಚ್ಚರವಿರುತ್ತದೆ, ಮುಂದಿನ ತಿಂಗಳವರೆಗೆ ನೋಡುತ್ತೇವೆ. ಅದನ್ನು ಓದಿ ನನಗೆ ಸಿಟ್ಟು ಕೂಡ ಬರಲಿಲ್ಲ. ಅಂಥ ಉತ್ತರಗಳನ್ನು ನಾನು ಬಹಳ ಓದಿದ್ದೆ. ಹುಸೇನಬಿಗೆ ಫೋನು ಹಚ್ಚಿ ಹೇಳಿದೆ.

"ನಿಮ್ಮ ಮಷೀನಿಗೆ ಏನು ಬೇಕಂತ್ರಿ?"

"ಮಾತು."

"ಎಂಥಾ ಮಾತು?"

"ಎಂಥಾದ್ದಾದ್ರೂ. ಅದು ಒಳಗಿನದ್ದು ಕೇಳಂಗಿಲ್ಲ. ಎಷ್ಟೊತ್ತು ಅನ್ನೂದಷ್ಟ ನೋಡ್ತೈತಿ."

"ಹಂಗಾದ್ರ ಉಣ್ಣೂ ಹೊತ್ತಿನ್ಯಾಗ ಮಾತಾಡ್ತೀವಿ ತಗೋರಿ," ಎಂದಳು. "ಆವಾಗ ಮದ್ದು ಹಾರಸಂಗಿಲ್ಲ."

ಹೀಗೆ ಖಣಿಯವರು ಮಾತಾಡಲು ಶುರುಮಾಡಿದರು. ಮೊದಲು ಅವರ ಪಾಡು ನೋಡುವಂತಿರಲಿಲ್ಲ ಎಂದು ಹುಸೇನಬಿಯೇ ಹೇಳುತ್ತಿದ್ದಳು. ಕಲ್ಲು ಒಡೆದು ಸುಸ್ತಾದವರು ಬುತ್ತಿ ಬಿಚ್ಚಿ, ಒಂದು ಕೈಯಲ್ಲಿ ಫೋನು ಹಿಡಿದು, ಏನು ಮಾತಾಡಬೇಕೆಂದು ಗೊತ್ತಾಗದೆ ಕೂರುತ್ತಿದ್ದರಂತೆ. ಒಬ್ಬ ಮಗ್ಗಿ ಹೇಳಿದನಂತೆ. ಇನ್ನೊಬ್ಬ ತನ್ನ ಆಡುಗಳ ಹೆಸರು ಮುಗಿದ ಮೇಲೆ ಬೀಗರ ಆಡುಗಳ ಹೆಸರು ಹೇಳಿದನಂತೆ. ದ್ಯಾಮಣ್ಣ ಎಂಬವನು ಪೇಟೆಯಲ್ಲಿದ್ದ ಹೆಂಡತಿ ಬಾಳವ್ವನಿಗೆ ಹಚ್ಚಿದರೆ ಇಬ್ಬರೂ ಅರ್ಧ ಗಂಟೆ ಒಬ್ಬರ ಉಸಿರು ಒಬ್ಬರು ಕೇಳಿ ಇಟ್ಟುಬಿಟ್ಟರಂತೆ. ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುವ ಮನುಷ್ಯ. ಉಂಡು ಮಲಗುವುದಷ್ಟೇ ಅವನಿಗೆ ಮನೆ. ಅವರ ನಡುವೆ ಜಗಳ ಇರಲಿಲ್ಲ, ಮಾತೂ ಇರಲಿಲ್ಲ.

ನನ್ನ ಪರದೆಯ ಮೇಲೆ ಮಧ್ಯಾಹ್ನದ ಅಂಕಿ ಮೇಲಕ್ಕೆದ್ದಿತು. ಆಮೇಲೆ ಇನ್ನೊಂದು ಬದಲಾವಣೆ ಕಂಡಿತು. ಊಟದ ಹೊತ್ತು ಮುಗಿದರೂ ಅಂಕಿ ಇಳಿಯುತ್ತಿರಲಿಲ್ಲ. ಮೊದಲು ಅರ್ಧ ಗಂಟೆ ಹೆಚ್ಚಾಯಿತು, ಬರಬರುತ್ತ ಇಳಿಹೊತ್ತಿನವರೆಗೂ ಚಾಚಿತು. ಆ ಟವರು ಸಣ್ಣದು. ಏಕಕಾಲಕ್ಕೆ ಕೆಲವರೇ ಮಾತಾಡಬಹುದು, ಉಳಿದವರ ಕರೆಯನ್ನು ಅದು ಜಾಗವಿಲ್ಲವೆಂದು ತಿರುಗಿಸಿ ಕಳಿಸುತ್ತದೆ. ಹಾಗೆ ತಿರುಗಿ ಹೋದ ಕರೆಗಳಿಗೆ ಬೇರೆಯೇ ಒಂದು ಅಂಕಣವಿದೆ. ವರ್ಷಗಳಿಂದ ಬರೀ ಸೊನ್ನೆ ನಿಂತಿದ್ದ ಆ ಅಂಕಣದಲ್ಲಿ ಈಗ ಒಂದು, ಮೂರು, ಐದು ಕಾಣತೊಡಗಿದವು. ಕೂಡಲೇ ಫೋನು ಕೈಗೆತ್ತಿಕೊಂಡೆ.

"ಉಣ್ಣೂದು ಮುಗದ ಮ್ಯಾಲೆ ಫೋನ್ ಇಡಸವಾ," ಎಂದು ಹುಸೇನಬಿಗೆ ಹೇಳಿದೆ. "ನಿನ್ನ ಕರಿಗೆ ಜಾಗಿಲ್ದಂಗ ಆದೀತು."

"ಹೇಳ್ತೀನ್ರಿ, ಎಲ್ಲಿ ಕೇಳ್ತಾರ? ಮಾತಿನ ರುಚಿ ಹತ್ತೇತಿ. ಆ ದ್ಯಾಮಣ್ಣ ಅಂತೂ ಹೇಣ್ತಿ ಕೂಡ ಮಾತಾಡಾಕ ಒಬ್ಬನ ಹೋಗಿ ನೆಳ್ಳಾಗ ಕುಂದರ್ತಾನ, ಹೊಸದಾಗಿ ಲಗ್ನ ಆದವ್ರಂಗ." ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಾ ನೋಡ್ಕೋತೀನಿ ಬಿಡ್ರಿ," ಎಂದಳು.

ಟವರಿಗೆ ಇನ್ನಷ್ಟು ಜಾಗ ಬೇಕೆಂದು ಬರೆದು ಹಾಕಿದೆ. ಮಾಡುತ್ತೇವೆ ಎಂದಾಗಲೀ ಇಲ್ಲ ಎಂದಾಗಲೀ ಉತ್ತರ ಬರಲಿಲ್ಲ. ನನ್ನ ಅಂಕಿಗಳ ಹಣೆಬರಹವೇ ಅಷ್ಟು, ಅವು ಯಾವತ್ತೂ ಆದ ಮೇಲೆ ಬರುತ್ತವೆ.

ಅದೊಂದು ಮಂಗಳವಾರ, ಊಟ ಮುಗಿಸಿ ಕೈ ತೊಳೆದು ಬಂದು ಕೂತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದಳು. ಒಂದು ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ಇನ್ನೊಂದು ಕೈಗೆ ಹಿಟ್ಟು ಮೆತ್ತಿತ್ತು. ತುಟಿ ಅಲ್ಲಾಡುತ್ತಿತ್ತು. ಮೇಜು ಸುತ್ತಿ ನನ್ನ ಹತ್ತಿರ ಬರುವವರೆಗೆ ನನಗೆ ಏನೂ ಕೇಳಲಿಲ್ಲ.

"...ನಮ್ಮನಿಯವ್ರು ಕಲ್ಲಾಗ ಸಿಕ್ಕಾರ್ರಿ ಅಕ್ಕಾರ. ದ್ಯಾಮಣ್ಣ ಅಂತ. ಮಾತಾಡ್ತಿರಬೇಕಾದ್ರ ಆತು. ನಾ ಅದನ್ನ ಕೇಳೀನಿ. ಗುಡ್ಡ ಹಾರಿದ್ದು ಕೇಳೀನಿ." ನಮ್ಮೂರಿನಲ್ಲಿ ಅದುವರೆಗೆ ಮದ್ದಿನ ಸದ್ದು ಕೇಳಿದವರು ಯಾರೂ ಇರಲಿಲ್ಲ. "ಬಾಜು ಮನಿಯವ್ರು ಹುಸೇನಬಿಗೆ ಹಚ್ಚಾಕತ್ತಾರ, ಹತ್ತವಲ್ದು. ಯಾರಿಗೂ ಹತ್ತವಲ್ದು. ಟವರ್ ನೋಡೋರು ನೀವಂತ ಓಡಿ ಬಂದೆ."

ಆ ಗಳಿಗೆಯ ಲೈನುಗಳನ್ನಷ್ಟೇ ತೋರಿಸುವ, ನಾನು ಅಪರೂಪಕ್ಕೆ ತೆರೆಯುವ ಪರದೆ ತೆರೆದೆ. ಗುಡ್ಡದ ಟವರು ತುಂಬಿತ್ತು. ಒಂದು ಕರೆ ಮುಗಿಯುವಷ್ಟರಲ್ಲಿ ಅದರ ಜಾಗಕ್ಕೆ ಇನ್ನೊಂದು ಬರುತ್ತಿತ್ತು. ಪ್ರಲ್ಹಾದ ಸಾಹೇಬರಿಗೆ ಕೈ ಮಾಡಿದೆ, ಎದ್ದು ಬಂದರು.

"ಟವರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡೂಣು," ಎಂದರು. "ಎಲ್ಲಾ ಲೈನ್ ಖಾಲಿ ಆಗ್ತಾವು. ಹುಸೇನಬಿಗೆ ಹತ್ತತೈತಿ."

"ಇವರ ಲೈನೂ ಹರೀತೈತ್ರಿ. ಅಂವ ಕಲ್ಲಿನ ಬುಡಕ ಅದಾನ. ಮತ್ತ ಹಚ್ಚಿದ್ರ ಎತ್ತಾಕ ಕೈ ಬರತೈತೋ ಇಲ್ಲೋ. ಅಲ್ಲಿಂದ ಅಂವ ಎಷ್ಟು ಒದರಿದ್ರೂ ಯಾರಿಗೆ ಕೇಳಸಬೇಕು?"

ಸಾಹೇಬರು ಒಂದು ಗಳಿಗೆ ಪರದೆ ನೋಡಿದರು. ಆಮೇಲೆ ಬಾಳವ್ವನ ಕಡೆ ತಿರುಗಿ, "ಎಲ್ಲಿ ಅದಾನಂತ ಕೇಳವಾ," ಎಂದರು.

ಬಾಳವ್ವ ಫೋನಿನಲ್ಲಿ ಕೇಳಿದಳು, ಅವನು ಹೇಳಿದ್ದನ್ನು ತುಂಡು ತುಂಡಾಗಿ ನಮಗೆ ಹೇಳಿದಳು. ಕೆಳಗಿನ ಗುಂಡಿ. ಹಳೇ ಗಾಡಿ ಮುರಿದು ಬಿದ್ದಲ್ಲಿ. ಗಾಡಿಯ ಎಡಕ್ಕೆ, ಮುಂಚಾಚಿದ ಬಂಡೆಯ ಅಡಿ. ಸಾಹೇಬರು ಮೋಟರ್ ಸೈಕಲ್ಲಿನ ಕೀಲಿ ತೆಗೆದುಕೊಂಡು ಹೊರಟರು. ದಿಂಬು ಕುರ್ಚಿಯ ಮೇಲೇ ಉಳಿಯಿತು.

ಬಾಳವ್ವ ಅವರ ಹಿಂದೆ ಓಡಿದಳು. ನಾನು ಬಾಗಿಲಲ್ಲಿ ಹಿಡಿದು ನಿಲ್ಲಿಸಿದೆ. "ನೀ ಹೋಗಬ್ಯಾಡ. ಗುಡ್ಡದ ದಾರ್ಯಾಗಿನ ಹಳ್ಳ ದಾಟಿದ್ರ ನಿನ್ನ ಫೋನು ಪೇಟಿ ಟವರ್ ಬಿಟ್ಟು ಗುಡ್ಡದ ಟವರಿಗೆ ಹೋಗ್ತೈತಿ. ಅಲ್ಲಿ ಜಾಗಿಲ್ಲ. ಲೈನ್ ಹರದ ಹೋಗ್ತೈತಿ."

"ನಾ ಅವ್ರ ಹಂತೇಕ, ಅವ್ರ ಮಗ್ಗಲಕ ಹೋಗ್ಬೇಕ್ರಿ."

"ಇಲ್ಲೇ ಕುಂತ್ರ ಹಂತೇಕ ಇರ್ತಿ."

ಅವಳು ನನ್ನ ಮುಖ ನೋಡಿದಳು. ಹಳ್ಳದ ಹತ್ತಿರ ಎಷ್ಟು ಮಾತು ಸಾಯುತ್ತವೆಂದು ನಾನು ವರ್ಷಗಳಿಂದ ನೋಡಿದವಳು. ಅದನ್ನೆಲ್ಲ ವಿವರಿಸುವ ಹೊತ್ತಲ್ಲ. ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಫೋನಿಗೆ ಚಾರ್ಜರ್ ಸಿಕ್ಕಿಸಿದೆ. ನಾನು ಪಕ್ಕದಲ್ಲಿ ನಿಂತೆ. ಮಾರುದ್ದದೊಳಗೆ ಇದ್ದುದರಿಂದ ಅವಳ ಮಾತು ಪೂರ್ತಿ, ದ್ಯಾಮಣ್ಣನದು ಇರುವೆ ಹರಿದಷ್ಟು ಸಣ್ಣಗೆ ನನಗೆ ಕೇಳುತ್ತಿತ್ತು.

"ಕಾಲಿನ ಮ್ಯಾಲೆ ಐತಿ," ಎನ್ನುತ್ತಿದ್ದ. "ನೋಯವಲ್ದು. ಬಾಳಿ, ನೋಯವಲ್ದು ಅಂದ್ರ ಏನು?"

"ನೋಯವಲ್ದು ಅಂದ್ರ ಛಲೋ," ಎಂದಳು. ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು. ದನಿಯಲ್ಲಿ ಮಾತ್ರ ಅದರ ಸುಳಿವಿರಲಿಲ್ಲ.

ಅಷ್ಟರಲ್ಲಿ ಮೇಜಿನ ಫೋನಿಗೆ ಕರೆ ಬಂತು, ಮೇಲಿನ ಆಫೀಸಿನದು. ವಯಸ್ಸಿನಲ್ಲಿ ಚಿಕ್ಕವನಿರಬೇಕು, ಮೆತ್ತಗಿನ ದನಿ. "ಮೇಡಂ, ನಿಮ್ಮ ಗುಡ್ಡದ ಟವರು ಪೂರ್ತಿ ತುಂಬಿದೆ. ಒಂದು ಕರೆ ತುಂಬಾ ಹೊತ್ತಿನಿಂದ ಸಿಕ್ಕಿಹಾಕಿಕೊಂಡಿರುವ ಹಾಗೆ ಕಾಣುತ್ತೆ. ಲೈನು ಕೆಟ್ಟಿರಬೇಕು. ಇಲ್ಲಿಂದಲೇ ರೀಸ್ಟಾರ್ಟ್ ಮಾಡುತ್ತಿದ್ದೇವೆ, ತಿಳಿಸೋಣ ಅಂತ."

"ಮಾಡಬ್ಯಾಡ್ರಿ."

"ಮೇಡಂ, ಅದು ಕೆಟ್ಟ ಲೈನು."

"ಕೆಟ್ಟಿಲ್ಲ. ಅದರಾಗ ಮನಷ್ಯಾ ಅದಾನ."

ಖಣಿಯಲ್ಲಿ ಆದದ್ದನ್ನು ನಾನು ಚುಟುಕಾಗಿ ಹೇಳಿದೆ. ನಿಯಮದ ಪ್ರಕಾರ ಇಷ್ಟು ಹೊತ್ತಿನೊಳಗೆ ಮಾಡಲೇಬೇಕು, ಮಾಡದಿದ್ದರೆ ಯಾರ ಹೆಸರು ಬರೆಯಲಿ ಎಂದು ಕೇಳಿದ. ಹೆದರಿದ್ದ, ಪಾಪ. ನನ್ನ ಹೆಸರು ಬರೆದುಕೊಳ್ಳಲು ಹೇಳಿದೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. "ಲೈನಿನಲ್ಲೇ ಇರ್ತೀನಿ ಮೇಡಂ," ಎಂದ.

ಬಾಳವ್ವ ಮಾತಾಡುತ್ತಲೇ ಇದ್ದಳು. ಬೆಕ್ಕು ಜೋಳದ ಚೀಲದ ಹಿಂದೆ ಮರಿ ಹಾಕಿದೆ, ಒಂದು ಮರಿ ಪೂರ್ತಿ ಕೆಂಪು. ಅವನು ತಂದ ಹಸಿರು ಸೀರೆ ಅವಳಿಗೆ ಎಂದೂ ಇಷ್ಟವಿರಲಿಲ್ಲ, ಹೇಳಿರಲಿಲ್ಲ ಅಷ್ಟೇ. ಸೊಸೆ ಹುಳಿ ಹೆಚ್ಚು ಹಾಕುತ್ತಾಳೆ, ಅವನು ಸುಮ್ಮನೆ ಉಣ್ಣುತ್ತಾನೆ, ಇನ್ನು ಮೇಲೆ ಹೇಳಬೇಕು. ಅವನು ಹೂಂ ಅನ್ನುತ್ತಿದ್ದ. ಹೂಂಗಳ ನಡುವಿನ ಬಿಡುವು ದೊಡ್ಡದಾಗುತ್ತಿತ್ತು. ಒಮ್ಮೆ ಅವಳು ಮಾತು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಅಕ್ಕಾರ, ಮುಗೀತ್ರಿ. ಇನ್ನ ಏನ ಮಾತಾಡ್ಲಿ?"

"ಬೈಯಿ," ಎಂದೆ.

ಬೈದಳು. ತನ್ನ ತವರಿಗೆ ಬಾರದ್ದಕ್ಕೆ, ಜ್ವರ ಬಂದರೂ ಖಣಿಗೆ ಹೋದದ್ದಕ್ಕೆ, ಇಷ್ಟು ವರ್ಷ ಬಾಯಿ ಹೊಲಿದುಕೊಂಡಂತೆ ಮನೆಯಲ್ಲಿ ಇದ್ದುದಕ್ಕೆ, ಈಗ ಮಾತು ಕಲಿತು ಬಂಡೆಯಡಿ ಹೋಗಿ ಕೂತದ್ದಕ್ಕೆ ಬೈದಳು. "ಮಲಗಬ್ಯಾಡ. ಮಲಗಿದ್ರ ನೋಡ ಮತ್ತ," ಎಂದಳು. ಉತ್ತರ ಬರಲಿಲ್ಲ. ಮತ್ತೊಮ್ಮೆ ಅಂದಳು, ಮಗದೊಮ್ಮೆ ಅಂದಳು. ನಾನು ಪರದೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಹೊತ್ತಿನಿಂದಿದ್ದ ಆ ಕರೆ ಜೀವಂತವಿದೆಯೇ ಎಂದು ನೋಡಿದೆ. ಕರೆ ಜೀವಂತವಿತ್ತು. ಕರೆ ಇದ್ದ ಮಾತ್ರಕ್ಕೆ ಮನುಷ್ಯ ಇದ್ದಾನೆಂದು ಹೇಳಲು ಬರುವುದಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.

ಆಮೇಲೆ ಫೋನಿನಲ್ಲಿ ಏನೋ ಕರಕರ ಎಂದಿತು. ಕಲ್ಲಿನ ಮೇಲೆ ಹಾರೆ ಎಳೆದ ಸದ್ದು. ಅದರ ಹಿಂದೆಯೇ ಹುಸೇನಬಿಯ ದನಿ, ಏದುಸಿರಿನಲ್ಲಿ. "ಬಾಳವ್ವ, ಉಸಿರೈತಿ. ಫೋನಿಡು ಯವ್ವಾ, ನಾವಿದ್ದೀವಿ."

ಬಾಳವ್ವ ಫೋನು ಇಡಲಿಲ್ಲ. ಕಡೆಗೆ ನಾನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಿವಿ ಕೆಂಪಗೆ ಊದಿತ್ತು. ಮೇಜಿನ ಫೋನಿನ ಹುಡುಗನಿಗೆ ಹೇಳಿದೆ, ಈಗ ಏನು ಬೇಕಾದರೂ ಮಾಡಿಕೊಳ್ಳಿ ಎಂದು. ಕೂರಬೇಕೆನಿಸಿತು. ಕುರ್ಚಿಯಲ್ಲಿ ಅವಳಿದ್ದಳು, ಹಾಗಾಗಿ ಗೋಡೆಗೆ ಒರಗಿ ನೆಲದ ಮೇಲೇ ಕೂತೆ.

ದ್ಯಾಮಣ್ಣನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಅಂದು ಹುಸೇನಬಿ ಅವನಿಗೆ ಮೂರು ಸಲ ಹಚ್ಚಿದ್ದಳು, ಟವರಿನಲ್ಲಿ ಜಾಗವಿಲ್ಲದೆ ಮೂರು ಸಲವೂ ಕರೆ ಹತ್ತಿರಲಿಲ್ಲ. ಅವನು ಆಗಲೇ ಮೇಲೆ ಹತ್ತಿದ ಎಂದು ಯಾರೋ ಅಂದಿದ್ದರು, ನಂಬಿದ್ದಳು. ತಿರುಗಿ ಹೋದ ಆ ಮೂರು ಕರೆಗಳು ನನ್ನ ಅಂಕಣದಲ್ಲಿ ಆ ದಿನದ ಒಟ್ಟು ಅಂಕಿಯೊಳಗೆ ಕೂತಿದ್ದವು, ಉಳಿದವುಗಳ ಜೊತೆ ಬೆರೆತು. ಆ ಅಂಕಿಯನ್ನೇ ಮೇಲಿನ ಆಫೀಸು ನೋಡಿತು. ಈ ಸಲ ಯಾರೂ ಏನೂ ಬರೆದು ವಿವರಿಸಬೇಕಾಗಲಿಲ್ಲ. ಟವರಿನ ಬಳಕೆ ಹೆಚ್ಚಿದೆ, ಮಲಗಿಸುವಂತಿಲ್ಲ, ಜಾಗ ಹೆಚ್ಚಿಸಬೇಕು ಎಂದು ಅವರೇ ತೀರ್ಮಾನ ಮಾಡಿ ಹೊಸ ಪೆಟ್ಟಿಗೆಗಳನ್ನು ಲಾರಿಯಲ್ಲಿ ಕಳಿಸಿದರು. ಪ್ರಲ್ಹಾದ ಸಾಹೇಬರು ಆ ಕಾಗದ ತಂದು ನನ್ನ ಮುಂದಿಟ್ಟು ಸ್ವಲ್ಪ ಹೊತ್ತು ನಿಂತರು. ಆ ದಿನದ ಓಟದಿಂದ ಅವರ ಬೆನ್ನು ಇನ್ನೂ ನೆಟ್ಟಗಾಗಿರಲಿಲ್ಲ.

ಹುಸೇನಬಿ ಈಗ ಫೋನು ಹಚ್ಚಿದ ಮೇಲೂ ತಾನೇ ಗುಂಡಿಗಿಳಿದು ಒಂದೊಂದು ನೆರಳನ್ನೂ ನೋಡಿ ಬರುತ್ತಾಳೆ. ಮಂಡಿ ನೋಯುತ್ತದೆ ಎನ್ನುತ್ತಾಳೆ, ಇಳಿಯುವುದು ಬಿಟ್ಟಿಲ್ಲ. ಒಮ್ಮೆ ನನ್ನನ್ನು ಕೇಳಿದಳು. "ಅಂವನ ಕಾಲು ಹೋಗಿದ್ದೂ ಮಾತಿನಿಂದ, ಜೀವ ಉಳಿದಿದ್ದೂ ಮಾತಿನಿಂದ. ಮಾತಾಡ್ರಿ ಅಂತ ಹೇಳಿದಾಕಿ ನಾನು. ನಾ ಮಾಡಿದ್ದು ಛಲೋನೋ ಕೆಟ್ಟದ್ದೋ, ನಿಮ್ಮ ಅಂಕಿ ಏನಾರ ಹೇಳ್ತಾವೇನ್ರಿ ಅಕ್ಕಾರ?"

"ಹೇಳಂಗಿಲ್ಲ ಹುಸೇನಬಿ. ಮಾತು ಬೇಕಂತ ನಿನಗ ಹೇಳಿದಾಕಿ ನಾನು."

"ಹೌದಲ್ಲ," ಎಂದಳು.

ಚಳಿ ಶುರುವಾದ ಮೇಲೆ ದ್ಯಾಮಣ್ಣನನ್ನು ನೋಡಲು ಹೋದೆ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಮಂಚದ ಕಾಲಿಗೆ ಊರುಗೋಲು ಆನಿಸಿತ್ತು. ಹೇಗಿದ್ದೀ ಎಂದರೆ ಹೂಂ ಎಂದ. ನೋವಿದೆಯೇ ಎಂದರೆ ಹೂಂ ಎಂದ. ಬಾಳವ್ವ ಚಹಾ ತಂದು ನನ್ನ ಪಕ್ಕ ಕೂತಳು.

"ಹಿಂಗ ನೋಡ್ರಿ," ಎಂದಳು. "ದಿನಪೂರ್ತಿ ಮಗ್ಗಲದಾಗ ಇರ್ತಾರ, ಬಾಯಿ ಬಿಡಂಗಿಲ್ಲ. ಇಷ್ಟು ಹಂತೇಕ ಇದ್ರ ಇವ್ರಿಗೆ ಮಾತು ಬರಂಗಿಲ್ಲ."

"ಮತ್ತೇನ ಮಾಡ್ತಿ?"

ನಾಚಿಕೊಂಡಳು. ಬಟ್ಟಲು ತೆಗೆದುಕೊಂಡು ಎದ್ದಳು. ನಾನೂ ಹೊರಟೆ. ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿಕೊಳ್ಳುವಾಗ ನೋಡಿದೆ. ಅವಳು ಅಡುಗೆಮನೆಯ ಹೊಸ್ತಿಲಾಚೆ ಗೋಡೆಯ ಮರೆಗೆ ಹೋಗಿ ನೆಲದ ಮೇಲೆ ಕೂತು ಫೋನನ್ನು ಕಿವಿಗಿಟ್ಟುಕೊಂಡಳು. ಪಡಸಾಲೆಯಲ್ಲಿ ದ್ಯಾಮಣ್ಣನ ಸೊಂಟದ ಫೋನು ನಡುಗಿತು. ಅವನು ಎತ್ತಿದ, ಕಂಬದಿಂದ ಬೆನ್ನು ಬಿಡಿಸಿ ನೆಟ್ಟಗೆ ಕೂತ. ಅವನ ತುಟಿ ಅಲ್ಲಾಡತೊಡಗಿತು, ಗೋಡೆಯಾಚೆ ಅವಳದೂ. ಅಂಗಳದಲ್ಲಿ ನಿಂತ ನನಗೆ ಇಬ್ಬರೂ ಕಾಣುತ್ತಿದ್ದರು. ಒಂದಕ್ಷರವೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ದ್ಯಾಮಣ್ಣ ನಕ್ಕ. ನಾನು ಗೇಟು ಎಳೆದು ಮುಚ್ಚಿ ಮನೆಯ ದಾರಿ ಹಿಡಿದೆ.